ಪಾಠಶಾಲೆಯ ಪುಟ್ಟ ಗಣಕಕ್ಕೆ ಕಾರ್ಖಾನೆಯ ಕೆಲಸ

ಅಂಗೈಯಗಲದ ಒಂದು ಹಸಿರು ಫಲಕ. ಅದರ ಮೇಲೆ ಪ್ರೊಸೆಸರ್, ಸ್ಮೃತಿ ಚಿಪ್, ಯುಎಸ್‌ಬಿ ಕಿಂಡಿಗಳು, ಜಾಲದ ಕೇಬಲ್ಲಿಗೆ ಒಂದು ಕಿಂಡಿ, ಅಂಚಿನಲ್ಲಿ ಎರಡು ಸಾಲಾಗಿ ನಿಂತ 40 ಲೋಹದ ಪಿನ್ನುಗಳು. ಕೀಲಿಮಣೆ ಮತ್ತು ಪರದೆ ಜೋಡಿಸಿದರೆ ಇದು ಒಂದು ಪೂರ್ಣ ಗಣಕ. ಇಂಥದ್ದನ್ನು ಏಕಫಲಕ ಗಣಕ ಎನ್ನುತ್ತೇವೆ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ‘ರಾಸ್ಪ್‌ಬೆರಿ ಪೈ’ ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ಈ ಬಗೆಯ ಗಣಕಗಳಲ್ಲಿ ಅತ್ಯಂತ ಹೆಸರಾದದ್ದು ಅದೇ.

ಈ ಫಲಕ ಇಂದು ಕಾಲೇಜಿನ ಪ್ರಯೋಗಾಲಯದ ಹೊಸ್ತಿಲು ದಾಟಿದೆ. ಲೇತ್ ಯಂತ್ರಗಳ ಪಕ್ಕದ ಗೋಡೆಯ ಮೇಲೆ, ಕುಲುಮೆಯ ತಾಪವನ್ನು ದಾಖಲಿಸುವ ಪೆಟ್ಟಿಗೆಯೊಳಗೆ, ನೀರಿನ ಪಂಪಿನ ಬದಿಯಲ್ಲಿ ಅದು ಕಾಣಸಿಗುತ್ತದೆ. ಸಂವೇದಕಗಳಿಂದ ಮಾಹಿತಿ ಪಡೆದು, ಜಾಲದ ಮೂಲಕ ಕಚೇರಿಗೋ ದೂರದ ಸರ್ವರಿಗೋ ಕಳಿಸುವುದು ಅದರ ಕೆಲಸ. ‘ಕೈಗಾರಿಕಾ ವಸ್ತುಗಳ ಅಂತರಜಾಲ’ ಎಂಬುದು ಈ ಏರ್ಪಾಡಿಗಿರುವ ದೊಡ್ಡ ಹೆಸರು.

ಮಕ್ಕಳಿಗೆ ಪಾಠ ಕಲಿಸಲೆಂದು ಹುಟ್ಟಿದ ಫಲಕ ಕಾರ್ಖಾನೆಯ ದುಡಿಮೆಗೆ ತಕ್ಕುದೇ? ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ‘ಅದು ಆಟಿಕೆ, ಹತ್ತಿರ ಸೇರಿಸಬೇಡಿ’ ಎನ್ನುವುದು ಹಳೆಯ ಕಾಲದ ನಿಯಂತ್ರಣ ಎಂಜಿನಿಯರುಗಳ ಮಾತು. ‘ಇಷ್ಟು ಅಗ್ಗವಾಗಿ ಸಿಗುವಾಗ ಲಕ್ಷ ಏಕೆ ಸುರಿಯುತ್ತೀರಿ’ ಎನ್ನುವುದು ಹೊಸದಾಗಿ ಉದ್ಯಮಕ್ಕಿಳಿದ ತರುಣರ ಮಾತು. ಎರಡರಲ್ಲಿಯೂ ಅರ್ಧ ಸತ್ಯವಷ್ಟೇ ಇದೆ. ಅರ್ಧ ಸತ್ಯವನ್ನು ನಂಬಿದರೆ ಅದರ ದಂಡ ತೆರುವವರು ಮಾತಾಡಿದವರಲ್ಲ. ಸಾಲ ತಂದು ಯಂತ್ರ ಹೂಡಿದ ಸಣ್ಣ ಉದ್ಯಮಿ ಮತ್ತು ಆ ಯಂತ್ರದ ಮುಂದೆ ನಿಂತ ಕೆಲಸಗಾರ. ಆದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹುಟ್ಟಿದ್ದು ತರಗತಿಗಾಗಿ

1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ ಬಿಬಿಸಿ ಮೈಕ್ರೋ ಎಂಬ ಗಣಕವನ್ನು ತಂದಿತು. ಬ್ರಿಟನ್ನಿನ ಒಂದು ಪೀಳಿಗೆಯ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿತದ್ದು ಅದರ ಮೇಲೆ. ಅದೇ ಸಂಸ್ಥೆ 1985ರಲ್ಲಿ ರೂಪಿಸಿದ ಆರ್ಮ್ ಪ್ರೊಸೆಸರ್‌ನ ವಂಶಸ್ಥರೇ ಇಂದು ನಿಮ್ಮ ಜೇಬಿನ ಫೋನಿನಲ್ಲಿರುವುದು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ಕಲಿಯಲು ಬರುವವರ ಸಂಖ್ಯೆ ಇಳಿಯತೊಡಗಿದಾಗ, ಎಬೆನ್ ಅಪ್ಟನ್ ಮತ್ತು ಸಂಗಡಿಗರು ಹಳೆಯ ಬಿಬಿಸಿ ಮೈಕ್ರೋ ಮಾಡಿದ ಕೆಲಸವನ್ನು ಹೊಸ ಕಾಲದಲ್ಲಿ ಮಾಡಬಲ್ಲ ಅಗ್ಗದ ಗಣಕವೊಂದನ್ನು ರೂಪಿಸಹೊರಟರು. 2012ರ ಫೆಬ್ರವರಿ 29ರಂದು ಮೊದಲ ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂತು. ಬೆಲೆ 35 ಡಾಲರ್. 700 ಮೆಗಾಹರ್ಟ್ಸ್ ಪ್ರೊಸೆಸರ್. 256 ಮೆಗಾಬೈಟ್ ಸ್ಮೃತಿ.

ಮಕ್ಕಳಿಗಿಂತ ಮೊದಲು ಅದನ್ನು ಕೈಗೆತ್ತಿಕೊಂಡವರು ಹವ್ಯಾಸಿಗಳು. ಅವರ ಹಿಂದೆಯೇ ಕಾರ್ಖಾನೆಗಳವರು. 2014ರಲ್ಲಿ ತಯಾರಕರೇ ‘ಕಂಪ್ಯೂಟ್ ಮಾಡ್ಯೂಲ್’ ಎಂಬ, ಬೇರೆ ಯಂತ್ರಗಳೊಳಗೆ ಹುದುಗಿಸಲು ತಕ್ಕ ರೂಪವನ್ನು ಹೊರತಂದರು. 2024ರ ಜೂನ್‌ನಲ್ಲಿ ಸಂಸ್ಥೆ ಲಂಡನ್ ಷೇರು ಮಾರುಕಟ್ಟೆಗೆ ಬರುವ ಹೊತ್ತಿಗೆ, ಮಾರಾಟವಾದ ಫಲಕಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೋಗುತ್ತಿದ್ದುದು ಕೈಗಾರಿಕೆಗಳಿಗೆ ಮತ್ತು ಇತರ ಉಪಕರಣ ತಯಾರಕರಿಗೆ. ಎಂದರೆ ‘ಆಟಿಕೆ’ ಎಂಬ ಮೂದಲಿಕೆಗೆ ಮಾರುಕಟ್ಟೆಯೇ ಉತ್ತರ ಕೊಟ್ಟಿದೆ. ಆದರೆ ಹೆಚ್ಚು ಮಂದಿ ಬಳಸುತ್ತಾರೆ ಎಂಬುದರಿಂದ ಎಲ್ಲರೂ ಸರಿಯಾಗಿ ಬಳಸುತ್ತಾರೆ ಎಂದೇನೂ ಸಿದ್ಧವಾಗುವುದಿಲ್ಲ.

ಆಕರ್ಷಣೆಗೆ ಕಾರಣವಿದೆ

ಕಾರ್ಖಾನೆಯ ಯಂತ್ರಗಳನ್ನು ನಡೆಸಲು ಪಿಎಲ್‌ಸಿ ಎಂಬ ಉಪಕರಣ ಬಹುಕಾಲದಿಂದ ಇದೆ. ಕಾರು ತಯಾರಿಸುವ ಜನರಲ್ ಮೋಟರ್ಸ್ ಸಂಸ್ಥೆ 1968ರಲ್ಲಿ, ನೂರಾರು ರಿಲೇಗಳ ಜಾಗದಲ್ಲಿ ಕೂರಬಲ್ಲ ನಿಯಂತ್ರಕವೊಂದನ್ನು ಬಯಸಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರ ಮೋಡಿಕಾನ್ ಅದಕ್ಕೆ ಉತ್ತರವಾಗಿ ಬಂತು. ಧೂಳು, ಕಂಪನ, ಬಿಸಿ, ವಿದ್ಯುತ್ತಿನ ಏರಿಳಿತ ಎಲ್ಲವನ್ನೂ ತಡೆದುಕೊಂಡು ಹದಿನೈದು ಇಪ್ಪತ್ತು ವರ್ಷ ದುಡಿಯುವುದೇ ಪಿಎಲ್‌ಸಿಯ ಹಿರಿಮೆ. ಆದರೆ ಅದರ ಜಗತ್ತು ಮುಚ್ಚಿದ ಜಗತ್ತು. ತಂತ್ರಾಂಶಕ್ಕೆ ಬೇರೆ ಪರವಾನಗಿ, ಜಾಲಕ್ಕೆ ಜೋಡಿಸಲು ಬೇರೆ ಮಾಡ್ಯೂಲ್, ಬೇರೆ ಕಂಪನಿಯ ಯಂತ್ರದೊಡನೆ ಮಾತನಾಡಿಸಲು ಬೇರೆ ಖರ್ಚು.

ಏಕಫಲಕ ಗಣಕದಲ್ಲಿ ಲಿನಕ್ಸ್ ನಡೆಯುತ್ತದೆ. ಅದು ಮುಕ್ತ ತಂತ್ರಾಂಶ. 1979ರಲ್ಲಿ ಬಂದ ಮಾಡ್‌ಬಸ್ ಭಾಷೆಯನ್ನಾಡುವ ಹಳೆಯ ಮೀಟರಿನಿಂದ ಮಾಹಿತಿ ಪಡೆದು, 1999ರಲ್ಲಿ ತೈಲ ಕೊಳವೆಗಳ ಉಸ್ತುವಾರಿಗೆಂದು ರೂಪಿಸಿದ ಎಂಕ್ಯೂಟಿಟಿ ವಿಧಾನದಲ್ಲಿ ಸರ್ವರಿಗೆ ಕಳಿಸುವ ಪ್ರೋಗ್ರಾಮನ್ನು ಪೈಥಾನ್ ಬಲ್ಲ ವಿದ್ಯಾರ್ಥಿ ಒಂದೆರಡು ದಿನದಲ್ಲಿ ಬರೆಯಬಲ್ಲ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಹತ್ತಾರು ಯಂತ್ರವಿಟ್ಟುಕೊಂಡವರಿಗೆ ಇದು ಸಣ್ಣ ಅನುಕೂಲವಲ್ಲ. ಯಾವ ಯಂತ್ರ ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು, ಯಾವ ಕಂಪ್ರೆಸರ್ ರಾತ್ರಿಯೆಲ್ಲಾ ಸುಮ್ಮನೆ ವಿದ್ಯುತ್ ತಿಂದಿತು ಎಂಬ ಮಾಹಿತಿ ಹಿಂದೆ ದೊಡ್ಡ ಕಾರ್ಖಾನೆಗಳ ಸೊತ್ತಾಗಿತ್ತು. ಈಗ ಸಣ್ಣವರ ಕೈಗೂ ಎಟುಕಿದೆ. ಈ ಲಾಭವನ್ನು ಒಪ್ಪಿಕೊಂಡೇ ಮುಂದಿನ ಆಕ್ಷೇಪಗಳನ್ನು ಎತ್ತುತ್ತಿದ್ದೇನೆ.

ವಿದ್ಯುತ್ತಿನ ಭಾಷೆಯೇ ಬೇರೆ

ಮೊದಲ ತೊಡಕು ವೋಲ್ಟೇಜಿನದು. ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆಯಲ್ಲಿ ಹರಿಯುವುದು 24 ವೋಲ್ಟ್. ನಮ್ಮ ಫಲಕಕ್ಕೆ ಬೇಕಾದದ್ದು 5 ವೋಲ್ಟ್. ಅದರ 40 ಪಿನ್ನುಗಳಲ್ಲಿ ಸಂಕೇತ ಸ್ವೀಕರಿಸುವಂಥವು ತಾಳಬಲ್ಲದ್ದು 3.3 ವೋಲ್ಟ್ ಮಾತ್ರ. 24 ವೋಲ್ಟಿನ ತಂತಿಯೊಂದು ಆಕಸ್ಮಾತ್ ಆ ಪಿನ್ನಿಗೆ ತಗುಲಿದರೆ ಪ್ರೊಸೆಸರ್ ಅಲ್ಲಿಗೇ ಮುಗಿಯಿತು.

ಎರಡನೆಯದು, ತಾಪ ಮತ್ತು ಒತ್ತಡದ ಸಂವೇದಕಗಳು ಮಾತನಾಡುವ ಭಾಷೆ. ಉದ್ಯಮದಲ್ಲಿ ರೂಢಿಯಲ್ಲಿರುವುದು 4ರಿಂದ 20 ಮಿಲಿಆಂಪಿಯರ್ ಪ್ರವಾಹ. ಇದರ ಹಿಂದಿನ ಭೌತವಿಜ್ಞಾನ ಸರಳವಾದದ್ದು, ಸೊಗಸಾದದ್ದು. ಒಂದೇ ಸುತ್ತಿನ ಮಂಡಲದಲ್ಲಿ ಎಲ್ಲೆಡೆಯೂ ಪ್ರವಾಹ ಒಂದೇ. ಆದ್ದರಿಂದ ತಂತಿ ಹತ್ತು ಮೀಟರ್ ಇರಲಿ, ನೂರು ಮೀಟರ್ ಇರಲಿ, ಅಳತೆ ಕೆಡುವುದಿಲ್ಲ. ಸೊನ್ನೆಯ ಬದಲು 4ರಿಂದ ಆರಂಭವಾಗುವುದರಿಂದ, ತಂತಿ ತುಂಡಾಗಿ ಪ್ರವಾಹ ಸೊನ್ನೆಗಿಳಿದರೆ ಕೂಡಲೇ ತಿಳಿಯುತ್ತದೆ. ಈ ಪ್ರವಾಹವನ್ನು 150 ಓಮ್ ರೋಧಕದ ಮೂಲಕ ಹಾಯಿಸಿದರೆ 0.6ರಿಂದ 3.0 ವೋಲ್ಟ್ ಸಿಗುತ್ತದೆ. ಆದರೆ ಅದನ್ನು ಅಂಕಿಯಾಗಿ ಬದಲಿಸುವ ಪರಿವರ್ತಕ ರಾಸ್ಪ್‌ಬೆರಿ ಪೈ ಫಲಕದಲ್ಲಿ ಇಲ್ಲವೇ ಇಲ್ಲ. ಅದನ್ನು ಬೇರೆ ಕೊಂಡು, ಬೆಳಕಿನ ಮೂಲಕವೋ ಬೇರೆ ವಿಧಾನದಿಂದಲೋ ವಿದ್ಯುತ್ ಸಂಪರ್ಕವನ್ನು ಪ್ರತ್ಯೇಕಿಸಿ ಜೋಡಿಸಬೇಕು.

ಪ್ರತ್ಯೇಕಿಸುವುದು ಏಕೆಂದರೆ, ಕಾರ್ಖಾನೆಯಲ್ಲಿ ಸಂಪರ್ಕಕಗಳ ಸುರುಳಿಗಳು ಸದಾ ಬಿಚ್ಚಿ ಮುಚ್ಚುತ್ತಿರುತ್ತವೆ. ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ತಟ್ಟನೆ ಕಡಿದರೆ, ಪ್ರವಾಹ ಎಷ್ಟು ವೇಗವಾಗಿ ಇಳಿಯುತ್ತದೋ ಅಷ್ಟು ದೊಡ್ಡ ವಿಭವಾಂತರ ಅದರ ತುದಿಗಳಲ್ಲಿ ಏಳುತ್ತದೆ. 24 ವೋಲ್ಟಿನ ಸುರುಳಿ ಕ್ಷಣಮಾತ್ರ ನೂರಾರು ವೋಲ್ಟ್ ಉಗುಳಬಲ್ಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನಿಮಿಷವೂ ಬೇಡ, ಮೈಕ್ರೋಸೆಕೆಂಡು ಸಾಕು.

ನೆನಪಿನ ಕಾರ್ಡಿನ ಆಯುಸ್ಸು

ನನ್ನ ಮುಖ್ಯ ಆಕ್ಷೇಪ ಮೈಕ್ರೋ ಎಸ್‌ಡಿ ಕಾರ್ಡಿನ ಬಗ್ಗೆ. ಸಾಮಾನ್ಯ ರಾಸ್ಪ್‌ಬೆರಿ ಪೈ ತನ್ನ ಕಾರ್ಯಾಚರಣ ವ್ಯವಸ್ಥೆಯನ್ನೂ ದಾಖಲೆಗಳನ್ನೂ ಇಡುವುದು ಮೊಬೈಲ್ ಫೋನುಗಳಿಗೆಂದು ಮಾಡಿದ ಈ ಕಾರ್ಡಿನಲ್ಲಿ. ಅದರೊಳಗಿನ ಪ್ರತಿ ಕೋಶವೂ ನಿರೋಧಕ ಪದರದಿಂದ ಸುತ್ತುವರಿದ ಒಂದು ಪುಟ್ಟ ಆವೇಶದ ಬುಟ್ಟಿ. ಬರೆಯುವುದೆಂದರೆ ಎಲೆಕ್ಟ್ರಾನುಗಳನ್ನು ಕ್ವಾಂಟಮ್ ಸುರಂಗನದಿಂದ ಆ ಪದರ ದಾಟಿಸಿ ಒಳಗೆ ಕೂಡುವುದು; ಅಳಿಸುವುದೆಂದರೆ ಹೊರಗೆಳೆಯುವುದು. ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಪ್ರತಿ ಬಾರಿ ದಾಟಿಸುವಾಗಲೂ ಅದರಲ್ಲಿ ಸೂಕ್ಷ್ಮ ದೋಷಗಳು ಉಳಿಯುತ್ತವೆ. ಕೊನೆಗೊಮ್ಮೆ ಬುಟ್ಟಿ ಸೋರತೊಡಗುತ್ತದೆ. ಒಂದು ಕೋಶಕ್ಕೆ ಒಂದೇ ಬಿಟ್ ತುಂಬುವ ದುಬಾರಿ ಕಾರ್ಡು ಸುಮಾರು ಒಂದು ಲಕ್ಷ ಬಾರಿ ಅಳಿಸುವುದನ್ನು ತಡೆದರೆ, ಮೂರು ಬಿಟ್ ತುಂಬುವ ಅಗ್ಗದ ಕಾರ್ಡು ಒಂದೆರಡು ಸಾವಿರ ಬಾರಿಗೇ ಬಸವಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆಯೂ ಹೆಚ್ಚು.

ಒಂದು ಲೆಕ್ಕ ಮಾಡಿ ನೋಡಿ. ನಿಮ್ಮ ಯಂತ್ರ ಸೆಕೆಂಡಿಗೊಂದು ಸಾಲು, ಸಾಲಿಗೆ 50 ಬೈಟ್ ಮಾಹಿತಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡು. ಮಾಹಿತಿ ಸುಮಾರು 4.3 ಮೆಗಾಬೈಟ್. ಇದು ಏನೇನೂ ಅಲ್ಲ. ಆದರೆ ಪ್ರತಿ ಸಾಲನ್ನೂ ಆಗಿಂದಾಗ ಕಾರ್ಡಿಗೆ ತಳ್ಳಿದರೆ, ಕಡತ ವ್ಯವಸ್ಥೆ ಬರೆಯುವ ಕನಿಷ್ಠ ತುಣುಕು 4 ಕಿಲೋಬೈಟ್ ಆದ್ದರಿಂದ, ನಿಜವಾಗಿ ಬರೆದದ್ದು ಸುಮಾರು 350 ಮೆಗಾಬೈಟ್. ಎಂಬತ್ತು ಪಟ್ಟು! ಕಾರ್ಡು ಒಳಗೆ ಅಳಿಸುವ ತುಣುಕು ಇದಕ್ಕಿಂತಲೂ ಎಷ್ಟೋ ದೊಡ್ಡದು. ಹತ್ತು ನಿಮಿಷದ ಮಾಹಿತಿಯನ್ನು ಒಟ್ಟುಗೂಡಿಸಿ ಒಮ್ಮೆ ಬರೆದರೆ ಈ ಸವೆತದ ಬಹುಪಾಲು ತಪ್ಪುತ್ತದೆ. ಪ್ರೋಗ್ರಾಮಿನಲ್ಲಿ ಐದಾರು ಸಾಲಿನ ಬದಲಾವಣೆ ಅಷ್ಟೆ. ಆದರೆ ಇದನ್ನು ಮಾಡಿದ ಪ್ರಾಜೆಕ್ಟ್ ವರದಿಗಳು ನನ್ನ ಕಣ್ಣಿಗೆ ಬಿದ್ದದ್ದು ತೀರ ಅಪರೂಪ.

ಇದರ ಜೊತೆಗೆ ನಮ್ಮ ವಿದ್ಯುತ್ ಕಡಿತ. ಬರೆಯುತ್ತಿರುವ ನಡುವೆ ಕರೆಂಟು ಹೋದರೆ ಕಡತಗಳ ಪಟ್ಟಿಯೇ ಕೆಟ್ಟು, ಗಣಕ ಮತ್ತೆ ಏಳದೇ ಹೋಗಬಹುದು. ನಾನು ಕಂಡ ಒಂದು ಸಣ್ಣ ಎರಕದ ಘಟಕದಲ್ಲಿ ಕುಲುಮೆಯ ತಾಪವನ್ನು ದಾಖಲಿಸಲು ಇಂಥದೊಂದು ಪೆಟ್ಟಿಗೆ ಹಾಕಿಸಿದ್ದರು. ಹಾಕಿಕೊಟ್ಟವರು ಹಣ ಪಡೆದು ಹೊರಟುಹೋಗಿದ್ದರು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಗ್ರಾಹಕರು ಒಂದು ತಂಡದ ಎರಕಕ್ಕೆ ತಾಪದ ದಾಖಲೆ ಕೇಳಿದಾಗಲೇ ಗೊತ್ತಾದದ್ದು, ಮೂರು ವಾರದಿಂದ ಒಂದು ಸಾಲೂ ದಾಖಲಾಗಿಲ್ಲ ಎಂದು. ಕಾರ್ಡು ಸವೆದು, ಬರೆಯುವುದನ್ನೇ ನಿಲ್ಲಿಸಿತ್ತು. ಲೋಹದಲ್ಲಿ ದೋಷವಿರಲಿಲ್ಲ, ದಾಖಲೆಯಿಲ್ಲದ ಕಾರಣ ಮಾಲು ಹಿಂದಿರುಗಿತು. ಆ ಮಾಲಿಕರು ನನ್ನನ್ನು ಕೇಳಿದ್ದು ಒಂದೇ ಮಾತು: ‘ಸರ್, ಕಾಗದದ ಮೇಲೆ ಪೆನ್ನಲ್ಲಿ ಗೀಚುತ್ತಿದ್ದ ಹಳೇ ಯಂತ್ರ ಹೀಗೆ ಮಾಡ್ತಿತ್ತಾ?’ ಮಾಡುತ್ತಿರಲಿಲ್ಲ. ಅದು ನಿಂತರೆ ಪೆನ್ನು ನಿಂತದ್ದು ಕಣ್ಣಿಗೆ ಕಾಣುತ್ತಿತ್ತು.

ಗಡಿಯಾರದ ವಿಷಯವೂ ಹೀಗೆಯೇ. 2023ರ ರಾಸ್ಪ್‌ಬೆರಿ ಪೈ 5 ಬರುವವರೆಗೆ ಈ ಫಲಕಗಳಲ್ಲಿ ತಾನಾಗಿ ಓಡುವ ಗಡಿಯಾರವಿರಲಿಲ್ಲ. ಪೈ 5ರಲ್ಲಿಯೂ ಅದಕ್ಕೆ ಬ್ಯಾಟರಿಯನ್ನು ಬೇರೆ ಜೋಡಿಸಬೇಕು. ವಿದ್ಯುತ್ ಹೋಗಿ ಬಂದಾಗ ಅಂತರಜಾಲವೂ ಇಲ್ಲದಿದ್ದರೆ ಗಣಕ ಹಳೆಯ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ತಾಪ ಸರಿ, ಗಂಟೆ ತಪ್ಪು. ಅಂಥ ದಾಖಲೆಗೆ ಬೆಲೆಯೇನು?

ಬಿಸಿಯ ಲೆಕ್ಕ

ಧೂಳಿಗೆ ಹೆದರಿ ಫಲಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚುವುದು ವಾಡಿಕೆ. ಪೆಟ್ಟಿಗೆಯ ಅಳತೆ 10 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪ ಇರಲಿ. ಬೆನ್ನು ಗೋಡೆಗಂಟಿದರೆ ಗಾಳಿಗೆ ತೆರೆದ ಮೇಲ್ಮೈ 300 ಚದರ ಸೆಂಟಿಮೀಟರ್. ಬೀಸುಗಾಳಿಯಿಲ್ಲದ ಕೋಣೆಯಲ್ಲಿ ಒಂದು ಚದರ ಮೀಟರ್ ಮೇಲ್ಮೈ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವಾಟ್ ಶಾಖವನ್ನು ಬಿಟ್ಟುಕೊಡುತ್ತದೆ. ಫಲಕ ದುಡಿಯುವಾಗ 5 ವಾಟ್ ಬಳಸಿದರೆ, ಆ ಶಾಖ ಹೊರಬೀಳಲು ಪೆಟ್ಟಿಗೆಯ ಮೈ ಹೊರಗಿನ ಗಾಳಿಗಿಂತ ಸುಮಾರು 17 ಡಿಗ್ರಿ ಹೆಚ್ಚು ಬಿಸಿಯಾಗಲೇಬೇಕು. ರಾಯಚೂರಿನ ಬೇಸಿಗೆಯಲ್ಲಿ ಶೆಡ್ಡಿನೊಳಗೆ 42 ಡಿಗ್ರಿ ಇದ್ದರೆ ಪೆಟ್ಟಿಗೆಯ ಮೈ 59. ಒಳಗಿನ ಗಾಳಿ ಅದಕ್ಕೂ ಮೇಲೆ. ಚಿಪ್ ಇನ್ನೂ ಇಪ್ಪತ್ತು ಡಿಗ್ರಿ ಮೇಲೆ. ಚಿಪ್ 80 ಡಿಗ್ರಿ ದಾಟುತ್ತಿದ್ದಂತೆ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಏಪ್ರಿಲ್‌ನಲ್ಲಿ ಗಣಕ ಏಕೆ ತೂಕಡಿಸುತ್ತದೆ ಎಂಬುದಕ್ಕೆ ತಂತ್ರಾಂಶದಲ್ಲಿ ದೋಷ ಹುಡುಕುವ ಮುನ್ನ ಈ ಲೆಕ್ಕ ಮಾಡಿದರೆ ಒಳ್ಳೆಯದು.

‘ಇದು ಬಾಹ್ಯಾಕಾಶಕ್ಕೇ ಹೋಗಿದೆಯಲ್ಲ’ ಎಂಬ ವಾದ ಆಗಾಗ ಕೇಳುತ್ತದೆ. ನಿಜ, 2015ರ ಡಿಸೆಂಬರ್‌ನಲ್ಲಿ ‘ಆಸ್ಟ್ರೋ ಪೈ’ ಹೆಸರಿನ ಎರಡು ಫಲಕಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವು. ಆದರೆ ಅವು ಹೋದದ್ದು ಶಾಖವನ್ನು ಹೊರಚೆಲ್ಲಲೆಂದೇ ಕಡೆದು ಮಾಡಿದ ಅಲ್ಯೂಮಿನಿಯಂ ಕವಚದೊಳಗೆ. ಅವು ಮಾಡಿದ್ದು ವಿದ್ಯಾರ್ಥಿಗಳ ಪ್ರಯೋಗಗಳನ್ನು. ನಿಲ್ದಾಣದ ಆಮ್ಲಜನಕದ ನಿಯಂತ್ರಣವನ್ನಲ್ಲ.

ಬೆಳಕಿಗೆ ಬೆಚ್ಚಿದ ಗಣಕ

2015ರ ಫೆಬ್ರವರಿಯಲ್ಲಿ ರಾಸ್ಪ್‌ಬೆರಿ ಪೈ 2 ಬಿಡುಗಡೆಯಾದ ಕೆಲ ದಿನಗಳಲ್ಲೇ ಒಂದು ವಿಚಿತ್ರ ಬೆಳಕಿಗೆ ಬಂತು. ಬೆಳಕಿಗೇ ಬಂದದ್ದು! ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಶ್ ಹಾಕಿ ಫಲಕದ ಚಿತ್ರ ತೆಗೆದರೆ ಗಣಕ ನಿಂತುಹೋಗುತ್ತಿತ್ತು. ವೋಲ್ಟೇಜ್ ನಿಯಂತ್ರಿಸುವ ಪುಟ್ಟ ಚಿಪ್ ಒಂದಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಪೂರ್ಣ ಹೊದಿಕೆ ಇರಲಿಲ್ಲ, ಸಿಲಿಕಾನ್ ಬರಿಮೈಯಲ್ಲಿತ್ತು. ಸಿಲಿಕಾನಿನ ಶಕ್ತಿ ಅಂತರ 1.1 ಎಲೆಕ್ಟ್ರಾನ್ ವೋಲ್ಟ್. ಅದಕ್ಕಿಂತ ಹೆಚ್ಚು ಶಕ್ತಿಯ ಫೋಟಾನ್ ತಗುಲಿದರೆ ಎಲೆಕ್ಟ್ರಾನ್ ಬಿಡುಗಡೆಯಾಗಿ ಪ್ರವಾಹ ಹರಿಯುತ್ತದೆ. ಸೌರಕೋಶದಲ್ಲಿ ನಡೆಯುವುದೂ ಇದೇ. ಫ್ಲ್ಯಾಶಿನ ತೀವ್ರ ಮಿಂಚು ಆ ಚಿಪ್ಪನ್ನು ಕ್ಷಣಕಾಲ ದಿಕ್ಕೆಡಿಸುತ್ತಿತ್ತು. ಮೇಲೊಂದು ಚೂರು ಅಪಾರದರ್ಶಕ ಮುದ್ದೆ ಅಂಟಿಸಿದರೆ ಸಮಸ್ಯೆ ಮಾಯ.

ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ವೆಲ್ಡಿಂಗ್ ನಡೆಯುವ ಶೆಡ್ಡಿನಲ್ಲಿ, ಮುಚ್ಚಳ ತೆರೆದಿಟ್ಟ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ ಎಂದಾಗ ನಗು ನಿಲ್ಲುತ್ತದೆ. ಆ ಮಾದರಿಯಲ್ಲಿ ದೋಷವಿತ್ತು ಎಂದು ಹಳಿಯಲು ಇದನ್ನು ಹೇಳುತ್ತಿಲ್ಲ. ಮೇಜಿನ ಮೇಲಿನ ಬಳಕೆಗೆ ರೂಪಿಸಿದ ವಸ್ತುವನ್ನು ಬೇರೆಡೆಗೆ ಒಯ್ದಾಗ, ಅಲ್ಲಿ ಎದುರಾಗಬಹುದಾದ ಎಲ್ಲವನ್ನೂ ಯಾರೂ ಪರೀಕ್ಷಿಸಿರುವುದಿಲ್ಲ. ಕೈಗಾರಿಕಾ ಉಪಕರಣಕ್ಕೆ ನಾವು ಕೊಡುವ ಹೆಚ್ಚಿನ ಬೆಲೆಯ ಬಹುಪಾಲು ಇಂಥ ಪರೀಕ್ಷೆಗಳ ಬೆಲೆ.

ನೋಡುವುದು ಬೇರೆ, ನಡೆಸುವುದು ಬೇರೆ

ಯಂತ್ರವನ್ನು ಗಮನಿಸುವುದಕ್ಕೂ ಅದನ್ನು ನಿಯಂತ್ರಿಸುವುದಕ್ಕೂ ಅಜಗಜಾಂತರವಿದೆ. ತಾಪದ ಅಂಕಿ ಅರ್ಧ ಸೆಕೆಂಡು ತಡವಾಗಿ ಕಚೇರಿಗೆ ಮುಟ್ಟಿದರೆ ಯಾರಿಗೂ ನಷ್ಟವಿಲ್ಲ. ಪವರ್ ಪ್ರೆಸ್ಸಿನ ಬಾಯಲ್ಲಿ ಕೈಯಿರುವಾಗ ‘ನಿಲ್ಲು’ ಎಂಬ ಆಜ್ಞೆ ಅರ್ಧ ಸೆಕೆಂಡು ತಡವಾದರೆ ಬೆರಳು ಉಳಿಯುವುದಿಲ್ಲ.

ಸಾಮಾನ್ಯ ಲಿನಕ್ಸ್ ಹಲವು ಕೆಲಸಗಳನ್ನು ನ್ಯಾಯವಾಗಿ ಹಂಚಿಕೊಂಡು ಮಾಡುವ ವ್ಯವಸ್ಥೆ. ಇಂಥ ಕೆಲಸ ಇಷ್ಟೇ ಮೈಕ್ರೋಸೆಕೆಂಡಿನಲ್ಲಿ ಆಗಿಯೇ ತೀರುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಕಾಲಬದ್ಧತೆಯನ್ನು ಬಿಗಿಗೊಳಿಸುವ ತಿದ್ದುಪಡಿಗಳು ಬಹುಕಾಲ ಹೊರಗಿದ್ದು, 2024ರಲ್ಲಿ ಲಿನಕ್ಸ್‌ನ 6.12ನೇ ಆವೃತ್ತಿಯಲ್ಲಿ ಮುಖ್ಯ ತಿರುಳಿಗೆ ಸೇರಿದವು. ಇದು ದೊಡ್ಡ ಹೆಜ್ಜೆ. ಆದರೂ ಅದೊಂದರಿಂದಲೇ ಫಲಕವು ಸುರಕ್ಷತಾ ಸಾಧನವಾಗುವುದಿಲ್ಲ. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಫಲಕ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿತ್ತು. ಲಿನಕ್ಸ್ ನಡೆಸುವ ಮುಖ್ಯ ಪ್ರೊಸೆಸರ್‌ನ ಪಕ್ಕದಲ್ಲೇ, ಒಂದು ಆಜ್ಞೆಗೆ ಕರಾರುವಾಕ್ಕಾಗಿ 5 ನ್ಯಾನೊಸೆಕೆಂಡು ತೆಗೆದುಕೊಳ್ಳುವ ಎರಡು ಪುಟ್ಟ ಪ್ರೊಸೆಸರ್‌ಗಳನ್ನು ಅದರಲ್ಲಿ ಇಟ್ಟಿದ್ದರು. ಕಾರ್ಡಿಲ್ಲದೆ ಫಲಕದ ಮೇಲೆಯೇ ಬೆಸೆದ ಸ್ಮೃತಿಯೂ, ಅಂಕಿಗೆ ಬದಲಿಸುವ ಪರಿವರ್ತಕವೂ ಇದ್ದವು. ಗುಣದಲ್ಲಿ ಕಾರ್ಖಾನೆಗೆ ಹೆಚ್ಚು ಹತ್ತಿರವಿದ್ದ ಅದಕ್ಕಿಂತ ರಾಸ್ಪ್‌ಬೆರಿ ಪೈ ಹೆಚ್ಚು ಜನಪ್ರಿಯವಾಯಿತು ಎಂಬುದು ಯೋಚಿಸಬೇಕಾದ ಸಂಗತಿ. ನಾವು ಬಹಳ ಸಲ ಆಯ್ದುಕೊಳ್ಳುವುದು ತಕ್ಕುದನ್ನಲ್ಲ, ತಿಳಿದದ್ದನ್ನು.

ಬಾಗಿಲು ತೆರೆದ ಮನೆ

ಜಾಲಕ್ಕೆ ಜೋಡಿಸಿದ ಪ್ರತಿ ಗಣಕವೂ ಒಂದು ಬಾಗಿಲು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಸುಮಾರು 60 ಜೊತೆ ಮಾಮೂಲಿ ಬಳಕೆದಾರ ಹೆಸರು ಮತ್ತು ಗುಪ್ತಪದಗಳನ್ನು ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರುಗಳನ್ನು ವಶಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅವೆಲ್ಲವೂ ಒಟ್ಟಾಗಿ ಎರಗಿದಾಗ ಅಮೆರಿಕದಲ್ಲಿ ಹಲವು ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಮುಗ್ಗರಿಸಿದವು. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅನುಮತಿಯಿಲ್ಲದೆ ಅಲ್ಲಿನ ಜಾಲಕ್ಕೆ ಸಿಕ್ಕಿಸಿದ್ದ ಒಂದು ರಾಸ್ಪ್‌ಬೆರಿ ಪೈ ಮೂಲಕ ಒಳನುಗ್ಗಿದವರು ಸುಮಾರು 500 ಮೆಗಾಬೈಟ್ ಮಾಹಿತಿ ಕದ್ದರೆಂಬುದು 2018ರಲ್ಲಿ ಪತ್ತೆಯಾಯಿತು. 2019ರ ಜೂನ್‌ನಲ್ಲಿ ನಾಸಾದ ಮಹಾಪರಿವೀಕ್ಷಕರ ವರದಿ ಅದನ್ನು ಬಹಿರಂಗಪಡಿಸಿತು. ಯಾರೋ ಸಿಕ್ಕಿಸಿದ್ದರು, ಯಾರೂ ಲೆಕ್ಕವಿಟ್ಟಿರಲಿಲ್ಲ. ಅಲ್ಲಿಯೇ ಹೀಗಾದರೆ ನಮ್ಮ ಶೆಡ್ಡುಗಳ ಗತಿಯೇನು?

ರಾಸ್ಪ್‌ಬೆರಿ ಪೈ ತನ್ನ ಮಾಮೂಲಿ ಬಳಕೆದಾರ ಹೆಸರನ್ನೂ ಗುಪ್ತಪದವನ್ನೂ ಕೈಬಿಟ್ಟದ್ದು 2022ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಹಾಕಿ ಮರೆತ ಪೆಟ್ಟಿಗೆಗಳು ಈಗಲೂ ಗೋಡೆಗಳ ಮೇಲಿವೆ. ಹಳೆಯ ಮಾಡ್‌ಬಸ್ ಭಾಷೆಯಲ್ಲಂತೂ ‘ನೀನು ಯಾರು’ ಎಂದು ಕೇಳುವ ಪದ್ಧತಿಯೇ ಇಲ್ಲ; ಜಾಲದೊಳಗೆ ಬಂದವರ ಆಜ್ಞೆಯನ್ನೆಲ್ಲ ಯಂತ್ರ ಪಾಲಿಸುತ್ತದೆ. ಯುರೋಪಿಗೆ ಉಪಕರಣ ರಫ್ತು ಮಾಡುವ ನಮ್ಮವರು ಇನ್ನೊಂದು ಮಾತನ್ನೂ ಗಮನಿಸಬೇಕು. ಯುರೋಪ್ ಒಕ್ಕೂಟದ ಸೈಬರ್ ಸುರಕ್ಷತಾ ಕಾನೂನು 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ. ಜಾಲಕ್ಕೆ ಸೇರುವ ಉಪಕರಣ ಮಾರುವವರು, ಮಾರಿದ ಮೇಲೂ ವರ್ಷಗಟ್ಟಲೆ ಅದರ ಸುರಕ್ಷತೆಯ ದೋಷಗಳನ್ನು ಸರಿಪಡಿಸಿಕೊಡಬೇಕಾಗುತ್ತದೆ.

ನಾಳೆಯೂ ಸಿಗುತ್ತದೆಯೇ?

2021 ಮತ್ತು 2022ರಲ್ಲಿ ಜಗತ್ತಿನಾದ್ಯಂತ ಚಿಪ್ಪುಗಳ ಬರ ಬಂದಾಗ ರಾಸ್ಪ್‌ಬೆರಿ ಪೈ ಅಂಗಡಿಗಳಿಂದ ಮಾಯವಾಯಿತು. 2021ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಬೆಲೆ ಏರಿ, 35 ಡಾಲರಿನ ಮಾದರಿಯೊಂದು 45 ಡಾಲರ್ ಆಯಿತು. ಇದ್ದಷ್ಟನ್ನು ತಯಾರಕರು ಮೊದಲು ಕೊಟ್ಟದ್ದು ಕೈಗಾರಿಕಾ ಗ್ರಾಹಕರಿಗೆ. ಉದ್ಯಮದ ದೃಷ್ಟಿಯಿಂದ ಅದು ಸರಿ. ಆದರೆ ಯಾರಿಗಾಗಿ ಈ ಫಲಕ ಹುಟ್ಟಿತೋ ಆ ವಿದ್ಯಾರ್ಥಿಗಳು ಬರಿಗೈಯಲ್ಲಿ ಉಳಿದರು. ಚಿಲ್ಲರೆಯಾಗಿ ಎರಡು ಮೂರು ಕೊಳ್ಳುವ ಸಣ್ಣ ಕಾರ್ಖಾನೆಯವರೂ ಅದೇ ಸಾಲಿನಲ್ಲಿದ್ದರು. ಪರಿಸ್ಥಿತಿ ಸುಧಾರಿಸಿದ್ದು 2023ರಲ್ಲಿ. ಮತ್ತೆ 2025ರ ಡಿಸೆಂಬರ್‌ನಲ್ಲಿ ಸ್ಮೃತಿ ಚಿಪ್ಪುಗಳ ದರ ಏರಿ ಹಲವು ಮಾದರಿಗಳು ತುಟ್ಟಿಯಾದವು.

ಇದಕ್ಕಿಂತ ಕೆಟ್ಟ ಉದಾಹರಣೆಯೂ ಇದೆ. ಇಂಟೆಲ್‌ನಂಥ ದೈತ್ಯ 2013ರಲ್ಲಿ ಗೆಲಿಲಿಯೋ, 2014ರಲ್ಲಿ ಎಡಿಸನ್ ಎಂಬ ಫಲಕಗಳನ್ನು ಇದೇ ಬಳಕೆಗೆಂದು ತಂದು, 2017ರಲ್ಲಿ ಎರಡನ್ನೂ ಕೈಬಿಟ್ಟಿತು. ಅವನ್ನು ನಂಬಿ ಉಪಕರಣ ಕಟ್ಟಿದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಈ ವಿಷಯದಲ್ಲಿ ರಾಸ್ಪ್‌ಬೆರಿ ಪೈ ತಯಾರಕರನ್ನು ಮೆಚ್ಚಬೇಕು. ಹಳೆಯ ಮಾದರಿಗಳನ್ನು ಎಲ್ಲಿಯವರೆಗೆ ತಯಾರಿಸುತ್ತೇವೆ ಎಂದು ವರ್ಷ ಸಹಿತ ಹೇಳುತ್ತಾರೆ.

ಹಾಗಾದರೆ ಏನು ಮಾಡಬೇಕು?

ದಾರಿಗಳು ಇಲ್ಲದಿಲ್ಲ. ಮೊದಲನೆಯದು ಕೆಲಸದ ಹಂಚಿಕೆ. ಯಂತ್ರವನ್ನು ನಡೆಸುವುದನ್ನು ಪಿಎಲ್‌ಸಿಗೋ ಮೈಕ್ರೋಕಂಟ್ರೋಲರಿಗೋ ಬಿಡಿ. ಏಕಫಲಕ ಗಣಕ ನೋಡಲಿ, ಬರೆಯಲಿ, ಕಳಿಸಲಿ. ಅದು ಸತ್ತರೂ ಯಂತ್ರ ನಡೆಯಬೇಕು. ತುರ್ತು ನಿಲುಗಡೆಯ ಗುಂಡಿ ಯಾವ ಪ್ರೋಗ್ರಾಮನ್ನೂ ಹಾಯದೆ, ಸುರಕ್ಷತಾ ರಿಲೇ ಮೂಲಕ ನೇರ ತಂತಿಯಲ್ಲೇ ವಿದ್ಯುತ್ ಕಡಿಯಬೇಕು. ಇದರಲ್ಲಿ ರಾಜಿಯಿಲ್ಲ. ಮೈಕ್ರೋಕಂಟ್ರೋಲರ್‌ಗಳು ಈಗ ಬಹಳ ಅಗ್ಗ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ 4 ಡಾಲರಿನದು. ನಮ್ಮದೇ ಸಿ-ಡ್ಯಾಕ್ ಸಂಸ್ಥೆ ತೇಜಸ್32 ಚಿಪ್ ರೂಪಿಸಿ ಏರೀಸ್ ಫಲಕಗಳನ್ನು ತಂದಿದೆ. ಇಂಥವುಗಳಲ್ಲಿ ಲಿನಕ್ಸ್ ಇಲ್ಲ, ಕಾರ್ಡಿಲ್ಲ. ಕರೆಂಟು ಬಂದ ಕ್ಷಣವೇ ಕೆಲಸ ಶುರು. ತಾಪ ಓದಿ ಕಳಿಸುವಷ್ಟೇ ಕೆಲಸವಿದ್ದರೆ ಇವೇ ಸಾಕು. ಪೂರ್ಣ ಗಣಕವೇ ಬೇಡ.

ಎರಡನೆಯದು, ಪೂರ್ಣ ಗಣಕ ಬೇಕೇಬೇಕಾದರೆ ಕಾರ್ಖಾನೆಗೆಂದು ಕಟ್ಟಿದ ರೂಪವನ್ನು ಕೊಳ್ಳುವುದು. ಬೆಸೆದ ಸ್ಮೃತಿಯ ಕಂಪ್ಯೂಟ್ ಮಾಡ್ಯೂಲನ್ನು ಒಳಗಿಟ್ಟು, 24 ವೋಲ್ಟಿಗೆ ಹೊಂದಿಸಿ, ನಿಯಂತ್ರಣ ಪೆಟ್ಟಿಗೆಯ ಪಟ್ಟಿಗೆ ಸಿಕ್ಕಿಸುವಂತೆ ಮಾಡಿದ ಜರ್ಮನಿಯ ರೆವಲ್ಯೂಷನ್ ಪೈ ಇದಕ್ಕೊಂದು ನಿದರ್ಶನ. ಅದರ ಬೆಲೆ ಬರಿಯ ಫಲಕದ ಹಲವು ಪಟ್ಟು. ವೋಲ್ಟೇಜ್ ಪರಿವರ್ತಕ, ಪ್ರತ್ಯೇಕಕ, ಕವಚ, ಗಡಿಯಾರ, ಪರೀಕ್ಷೆ ಇವುಗಳನ್ನೆಲ್ಲ ಕೂಡಿಸಿದರೆ ನಿಜವಾದ ಬೆಲೆ ಅಷ್ಟಾಗುತ್ತದೆ. ಬರಿಯ ಫಲಕದ ಬೆಲೆ ಹೇಳಿ ಮಾರುವವರು ಉಳಿದದ್ದನ್ನು ನಿಮ್ಮ ತಲೆಗೇ ಬಿಟ್ಟಿರುತ್ತಾರೆ.

ಮೂರನೆಯದು, ಕೊಳ್ಳುವ ಮುನ್ನ ಕೇಳುವ ಪ್ರಶ್ನೆಗಳು. ಬರೆಯುವ ನಡುವೆ ನೂರು ಬಾರಿ ಪ್ಲಗ್ ಕಿತ್ತು ನೋಡಿದ್ದೀರಾ? ದಾಖಲೆ ನಿಂತರೆ ನನಗೆ ಹೇಗೆ ತಿಳಿಯುತ್ತದೆ? ಬೇಸಿಗೆಯಲ್ಲಿ ಚಿಪ್ಪಿನ ತಾಪ ಎಷ್ಟು? ಗುಪ್ತಪದ ಯಾರ ಬಳಿ ಇದೆ? ಮೂರು ವರ್ಷದ ನಂತರ ತಂತ್ರಾಂಶವನ್ನು ನವೀಕರಿಸುವವರು ಯಾರು? ಈ ಐದಕ್ಕೆ ನೇರ ಉತ್ತರ ಕೊಡಲಾರದವರ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ದುಬಾರಿಯೇ.

ಕೊನೆಯ ಮಾತು ನನ್ನ ಸಹೋದ್ಯೋಗಿಗಳಿಗೂ ಸಲ್ಲುತ್ತದೆ. ಪ್ರಾಜೆಕ್ಟ್ ಪ್ರದರ್ಶನದ ದಿನ ಹತ್ತು ನಿಮಿಷ ನಡೆದ ಮಾದರಿಗೆ ನಾವು ಪೂರ್ಣ ಅಂಕ ಕೊಟ್ಟು ಕಳಿಸುತ್ತೇವೆ. ಆ ವಿದ್ಯಾರ್ಥಿ ಮರುವರ್ಷ ಅದನ್ನೇ ಉತ್ಪನ್ನವೆಂದು ಮಾರುತ್ತಾನೆ. ಅವನಿಗೆ ಮಾದರಿಗೂ ಉತ್ಪನ್ನಕ್ಕೂ ಇರುವ ಅಂತರವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಧೂಳಿನ ಮೂಲೆಯಲ್ಲಿ ಓಡಿಸಿ, ದಿನಕ್ಕೆರಡು ಬಾರಿ ಕರೆಂಟು ತೆಗೆದು, ಆಮೇಲೆ ಅಂಕ ಕೊಡುವ ಪದ್ಧತಿ ತಂದರೆ ಹೇಗೆ? ರಾಸ್ಪ್‌ಬೆರಿ ಪೈ ಹುಟ್ಟಿದ್ದು ಕಲಿಸುವುದಕ್ಕೆ. ಅದು ಏಕೆ ಸೋಲುತ್ತದೆ ಎಂಬುದನ್ನು ತೋರಿಸಿ ಕಲಿಸಿದರೆ ಅದರಷ್ಟು ಒಳ್ಳೆಯ ಮೇಷ್ಟರು ಬೇರೆ ಸಿಗಲಿಕ್ಕಿಲ್ಲ. ನಿಮ್ಮ ಊರಿನ ಕಾರ್ಖಾನೆಯ ಗೋಡೆಯ ಮೇಲೆ ಇಂಥ ಪೆಟ್ಟಿಗೆಯೊಂದು ಕಂಡರೆ, ಅದರ ಹಸಿರು ದೀಪವನ್ನಷ್ಟೇ ನೋಡಿ ಸಮಾಧಾನಪಡಬೇಡಿ. ಕೊನೆಯ ಸಾಲು ದಾಖಲಾದದ್ದು ಯಾವಾಗ ಎಂದು ಕೇಳಿ.